ಕಾರ್ಬನ್ ಹಾಳೆಯ ವಿಲೇಕರಿ

ವಿಲೇಕರಿ ಸಾರ್ ಹಿಂದೂಪುರದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಮರುದಿನ ಐದು ಪತ್ರಿಕೆಗಳಲ್ಲಿ ಬಂತು. ಮೂರು ತೆಲುಗಿನವು, ಎರಡು ಕನ್ನಡದವು. ಐದನ್ನೂ ಅಂಗಡಿಯ ಕೌಂಟರಿನ ಮೇಲೆ ಹರಡಿಕೊಂಡು ಓದಿದೆ. ಎಲ್ಲದರಲ್ಲೂ ಒಂದೇ ಒಕ್ಕಣೆ. "ಸರಳ ಸಜ್ಜನಿಕೆಗೆ ಹೆಸರಾಗಿದ್ದ, ನಿರ್ಭೀತ ಬರವಣಿಗೆಯ" ಎಂದು ಶುರುವಾಗಿ "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂದು ಮುಗಿದಿತ್ತು. ಐದರಲ್ಲೂ ಅವರಿಗೆ ಇಬ್ಬರು ಗಂಡುಮಕ್ಕಳಿದ್ದರು. ನನಗೆ ಗೊತ್ತಿದ್ದ ಹಾಗೆ ಅವರಿಗೆ ಇದ್ದವಳು ಒಬ್ಬಳೇ ಮಗಳು. ಕಲ್ಯಾಣದುರ್ಗದಲ್ಲಿ ಕೂತ ಯಾರೋ ಒಬ್ಬ ಹಳೆಯ ಯಾರದೋ ನಿಧನವಾರ್ತೆಯ ಹೆಸರು ಬದಲಿಸಿ ಬರೆದಿದ್ದಾನೆ, ಉಳಿದ ನಾಲ್ವರು ಅದನ್ನೇ ಕಳಿಸಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಸತ್ತವರ ಸುದ್ದಿ ಓದಿ ನಗ್ತಾರಾ ಎಂದು ಹೆಂಡತಿ ಗದರಿದಳು. ಸತ್ತವರಿಗೆ ನಗಲಿಲ್ಲ ಕಣೇ, ಅವರು ಕಲಿಸಿ ಹೋದ ವಿದ್ಯೆಗೆ ನಕ್ಕೆ ಎಂದೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಆಂಧ್ರ ಗಡಿಯ ಕಲ್ಯಾಣದುರ್ಗದ ಬಸ್ ನಿಲ್ದಾಣದ ಎದುರು ಡಿಟಿಪಿ ಅಂಗಡಿ ಇಟ್ಟಿದ್ದೆ. ಮೊದಲು ಒಂದು ಕಂಪ್ಯೂಟರು, ಒಂದು ಸ್ಕ್ಯಾನರು. ಆಮೇಲೆ ಇನ್ನೆರಡು ಕಂಪ್ಯೂಟರು ಬಂದು ಇಂಟರ್ನೆಟ್ ಸೆಂಟರೂ ಆಯಿತು. ಮದುವೆ ಕಾರ್ಡು, ಅರ್ಜಿ, ಜಾತಿ ಪ್ರಮಾಣಪತ್ರದ ನಮೂನೆ, ಎಲ್ಲವನ್ನೂ ಎರಡು ಭಾಷೆಯಲ್ಲಿ ಹೊಡೆದುಕೊಡುತ್ತಿದ್ದೆ. ಅಲ್ಲಿ ಗಂಟು ಬಿದ್ದವರು ಇವರು. ಊರೆಲ್ಲ ಇವರನ್ನು ಕರೆಯುತ್ತಿದ್ದದ್ದು ವಿಲೇಕರಿ ಸಾರ್ ಎಂದೇ. ವಿಲೇಕರಿ ಎಂದರೆ ತೆಲುಗಿನಲ್ಲಿ ವರದಿಗಾರ. ಮನೆಮಾತು ಕನ್ನಡ, ಹುಟ್ಟಿದ್ದು ಕುಂದುರ್ಪಿ ಕಡೆಯ ಹಳ್ಳಿ, ಬರೆಯುತ್ತಿದ್ದದ್ದು ತೆಲುಗು. ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ವೇಷವನ್ನಂತೂ ಮರೆಯುವ ಹಾಗೇ ಇಲ್ಲ. ಬೂದು ಬಣ್ಣದ ಸಫಾರಿ, ಜೇಬಿನಲ್ಲಿ ಮೂರು ಪೆನ್ನು, ಬರೆಯುವ ಹೊತ್ತಿಗೆ "ಒಂದ್ ಪೆನ್ ಕೊಡಪ್ಪ" ಎಂದು ನನ್ನನ್ನು ಕೇಳುವುದು. ಅವರ ಮೊಪೆಡ್ಡಿನ ಮುಂದೆ ಕೆಂಪಕ್ಷರದಲ್ಲಿ ಪ್ರೆಸ್ ಎಂದು ಬರೆಸಿದ್ದರು. ಹಿಂದೆಯೂ ಬರೆಸಿದ್ದರು. ಪಕ್ಕದ ಡಬ್ಬಿಯ ಮೇಲೂ ಬರೆಸಿದ್ದರು. ಬಿಸಿಲಿಗೆ ಹಿಡಿಯುವ ಕೊಡೆಯ ಮೇಲೂ ಅದೇ ಅಕ್ಷರ ಕಂಡಾಗ, "ಸಾರ್, ಬೆನ್ನಿನ ಮೇಲೂ ಒಂದು ಹಾಕಿಸಿಬಿಡಿ" ಎಂದಿದ್ದೆ. ಅವರು ಅದನ್ನು ತಮಾಷೆಯೆಂದು ತಿಳಿಯಲಿಲ್ಲ. "ಸಫಾರಿ ಒಗೆಯೋವಾಗ ಹೋಗ್ಬುಡ್ತದೆ ಕಣಪ್ಪ" ಎಂದರು.

ಈಗ ಅವರ ವಿದ್ಯೆಯ ವಿಷಯಕ್ಕೆ ಬರುತ್ತೇನೆ. ಕಲ್ಯಾಣದುರ್ಗದಲ್ಲಿ ಐದು ಪತ್ರಿಕೆಗೆ ಐದು ಜನ ವರದಿಗಾರರಿದ್ದರು. ಇವರೇ ಹಿರಿಯರು. ಐವರೂ ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಟೀ ಹೋಟೆಲಿನಲ್ಲಿ ಸೇರುತ್ತಿದ್ದರು. ಇವರು ಚೀಲದಿಂದ ಹಾಳೆ ತೆಗೆದು, ನಡುವೆ ಕಾರ್ಬನ್ ಇಟ್ಟು, ಗುಂಡುಪಿನ್ನು ಚುಚ್ಚಿ, ಒತ್ತಿ ಒತ್ತಿ ಬರೆಯುತ್ತಿದ್ದರು. ಮೇಲಿನ ಹಾಳೆ ಇವರ ಪತ್ರಿಕೆಗೆ. ಕೆಳಗಿನವು ಉಳಿದವರಿಗೆ. ಐದನೆಯ ಹಾಳೆಯ ಅಕ್ಷರ ಎಷ್ಟು ಮಸುಕಾಗಿರುತ್ತಿತ್ತೆಂದರೆ, ಅದು ಸಿಕ್ಕವನು ಬಾಗಿಲ ಬೆಳಕಿಗೆ ಹಿಡಿದು ಓದಬೇಕಾಗಿತ್ತು. ಇ-ಮೇಲ್ ಬಂದ ಮೇಲೆ ಕೆಲಸ ಇನ್ನೂ ಸಲೀಸಾಯಿತು. ಮೇಲಿನ ಹಾಳೆ ನನ್ನ ಅಂಗಡಿಗೆ ಬರುತ್ತಿತ್ತು. ನಾನು ತೆಲುಗಿನಲ್ಲಿ ಟೈಪ್ ಮಾಡಿ, ಕನ್ನಡ ಪತ್ರಿಕೆಗಳಿಗೆಂದು ಕನ್ನಡಕ್ಕೆ ತಿರುಗಿಸಿ, ಐದೂ ಕಡೆಗೆ ಕಳಿಸುತ್ತಿದ್ದೆ. ಆದರೂ ಕಾರ್ಬನ್ ನಿಲ್ಲಲಿಲ್ಲ. ಇನ್ನು ಯಾತಕ್ಕೆ ಸಾರ್ ಎಂದು ಕೇಳಿದರೆ, "ತಾವು ಏನು ಬರ್ದೀವಿ ಅಂತ ಅವ್ರಿಗೂ ಗೊತ್ತಾಗ್ಬೇಕಲ್ಲಪ್ಪ" ಎಂದರು.

ಒಮ್ಮೆ ಬೆಳುಗುಪ್ಪ ಹತ್ತಿರದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಯಾರೋ ದೊಡ್ಡ ಅತಿಥಿ ಬರುವವರಿದ್ದರು. ಸಭೆ ಸಂಜೆಗೆ. ಇವರು ಮಧ್ಯಾಹ್ನವೇ ಸುದ್ದಿ ಬರೆದು ನನ್ನಿಂದ ಕಳಿಸಿ ಮಲಗಲು ಹೋದರು. ಅತಿಥಿ ಬರಲೇ ಇಲ್ಲ. ಮರುದಿನ ಐದೂ ಪತ್ರಿಕೆಯಲ್ಲಿ ಅತಿಥಿಗಳು ಶಿಸ್ತಿನ ಬಗ್ಗೆ ವಿದ್ಯಾರ್ಥಿಗಳಿಗೆ ಕರೆ ಕೊಟ್ಟಿದ್ದರು. ಆ ಶಾಲೆಯ ಮೇಷ್ಟ್ರೊಬ್ಬರು ಪೇಪರ್ ಹಿಡಿದುಕೊಂಡೇ ಇವರನ್ನು ಹುಡುಕಿ ಅಂಗಡಿಗೆ ಬಂದರು.

"ಏನ್ಸಾರ್ ಇದು? ಅವ್ರು ನಮ್ಮೂರಿಗೆ ಕಾಲೇ ಇಡ್ಲಿಲ್ಲ!"

"ಬಂದಿದ್ರೆ ಇದೇ ಅಲ್ವೇನಪ್ಪ ಆಡ್ತಿದ್ದದ್ದು?" ಎಂದರು ಇವರು, ಸ್ವಲ್ಪವೂ ಅಳುಕದೆ. "ಹೋದ ವರ್ಷಾನೂ ಅದೇ ಆಡಿದ್ರು, ಅದ್ರ ಹಿಂದಿನ ವರ್ಷಾನೂ ಅದೇ. ಐದ್ ಪೇಪರ್ನಾಗೂ ಬಂದ್ಬುಟ್ಟೈತೆ. ಐದ್ರಾಗೂ ಬಂದ್ಮೇಲೆ ಸುಳ್ಳು ಹೆಂಗಾಯ್ತದೆ?"

ಇದು ಅವರ ಮುಖ್ಯ ಸಿದ್ಧಾಂತ. ಐದರಲ್ಲೂ ಬಂದಿದ್ದರೆ ನಿಜ. ಆ ಐದನ್ನೂ ಬರೆದವರು ತಾವೇ ಎಂಬುದು ಅವರಿಗೆ ಅಡ್ಡಿಯಾಗಿ ಕಾಣಿಸುತ್ತಲೇ ಇರಲಿಲ್ಲ. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡಿದರು. ನಾನು ಮಾನಿಟರಿನ ಹಿಂದೆ ಬಗ್ಗಿ ನಗು ಅಡಗಿಸಿಕೊಂಡೆ.

ಪತ್ರಿಕೆಗಳು ಇಂಟರ್ನೆಟ್ಟಿನಲ್ಲೂ ಬರತೊಡಗಿದಾಗ ಅವರ ಸಂಭ್ರಮ ನೋಡಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಲ್ಲುತ್ತಿದ್ದರು. "ನಮ್ ಪೇಪರ್ ಹಾಕು, ನಮ್ ಪೇಪರ್ ಹಾಕು." ತಮ್ಮ ಸುದ್ದಿ ತೆರೆಯ ಮೇಲೆ ಕಂಡ ಕೂಡಲೇ ಬೆರಳಿಟ್ಟು ಒತ್ತಿ ಒತ್ತಿ ತೋರಿಸುತ್ತಿದ್ದರು. ಅವರು ಹೋದ ಮೇಲೆ ಬೆರಳಿನ ಜಿಡ್ಡು ಒರೆಸುವುದು ನನಗೊಂದು ದಿನನಿತ್ಯದ ಕೆಲಸವಾಗಿತ್ತು. "ಚೂಡು, ನೋಡಪ್ಪ, ಅಮೇರಿಕಾದಾಗೂ ಕುಂದುರ್ಪಿ ಕುರಿ ಸಂತೆ ಸುದ್ದಿ ಓದ್ತಾ ಕುಂತವ್ರೆ" ಎನ್ನುತ್ತಿದ್ದರು. ಅಮೇರಿಕಾದಲ್ಲಿ ಅಂಥ ಕೆಲಸವಿಲ್ಲದವರು ಯಾರಿದ್ದಾರೋ ನನಗೆ ತಿಳಿಯದು.

ಇದೆಲ್ಲ ನೋಡಿ ನೋಡಿ ಮೈಯುರಿದು ನಾನೊಂದು ಬ್ಲಾಗ್ ಶುರುಮಾಡಿದೆ. ಆಗ ಕನ್ನಡದಲ್ಲಿ ಬ್ಲಾಗು ಬರೆಯುವವರು ಹೊಸದಾಗಿ ಹುಟ್ಟಿಕೊಳ್ಳುತ್ತಿದ್ದರು. ಗಡಿಗಲ್ಲು ಎಂಬ ಹೆಸರಿಟ್ಟುಕೊಂಡೆ. ಗಿರಾಕಿಗಳು ಕೈತಪ್ಪಿ ಹೋಗಬಾರದಲ್ಲ, ಅದಕ್ಕೆ ಸ್ವಂತ ಹೆಸರು ಹಾಕಲಿಲ್ಲ. ರಸ್ತೆ, ನೀರು, ಬಸ್ಸು, ಮುಚ್ಚಿಹೋಗುತ್ತಿದ್ದ ಕನ್ನಡ ಶಾಲೆ, ಕಣ್ಣಿಗೆ ಕಂಡಿದ್ದನ್ನು ಬರೆದೆ. ಪತ್ರಿಕೆ ದೊಡ್ಡದೋ ಬ್ಲಾಗು ದೊಡ್ಡದೋ ಎಂದೂ ಒಂದು ಬರಹ ಹಾಕಿದೆ. ಪತ್ರಿಕೆಯ ಸುದ್ದಿ ಹತ್ತು ಕೈ ದಾಟಿ ಬರುತ್ತದೆ, ಒಂದು ಕಣ್ಣಿಗೂ ಬಿದ್ದಿರುವುದಿಲ್ಲ ಎಂದು ಬರೆದಿದ್ದೆ. ಬೆಂಗಳೂರು, ಮೈಸೂರಿನಿಂದೆಲ್ಲ ಭೇಷ್ ಎಂದರು. ಕಲ್ಯಾಣದುರ್ಗದಲ್ಲಿ ಕೂತು ಅದನ್ನು ಓದುವಾಗ ನಾನು ಸ್ವಲ್ಪ ಉಬ್ಬಿದ್ದು ನಿಜ.

ಗಡಿಗಲ್ಲು ನಾನೇ ಎಂದು ವಿಲೇಕರಿ ಸಾರ್‌ಗೆ ಬೇಗ ಗೊತ್ತಾಯಿತು. ಅಷ್ಟೊಂದು ದಡ್ಡರೇನಲ್ಲ. ಒಂದು ದಿನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ಕೇಳಿದರು.

"ಏಮಯ್ಯಾ, ನಿನ್ ಬ್ಲಾಗಿಗೆ ಎಡಿಟರ್ ಅವ್ನಾ?"

"ಇಲ್ಲ. ನಾನೇ."

"ಡೆಸ್ಕ್ನಾಗೆ ನೋಡೋರು?"

"ನಾನೇ."

"ತಪ್ಪು ಬರ್ದ್ಬುಟ್ರೆ ಜನ ಎಲ್ಲಿಗ್ ಬರ್ಬೇಕು ಕೇಳಾಕೆ? ನಂಗಾದ್ರೆ ಮನೆ ಬಾಗ್ಲಿಗೇ ಬತ್ತಾರೆ, ಕೊರಳಪಟ್ಟಿ ಹಿಡೀತಾರೆ. ಗಡಿಗಲ್ಲು ಎಲ್ ಐತೆ ಅಂತ ಹುಡುಕ್ತಾರೆ?"

"ಅಲ್ಲೇ ಕೆಳಗೆ ಕಾಮೆಂಟು ಹಾಕ್ತಾರೆ ಸಾರ್. ತಪ್ಪಾಗಿದ್ರೆ ಒಂದು ನಿಮಿಷದಲ್ಲಿ ಅಳಿಸಬಹುದು. ನಿಮ್ಮ ಪೇಪರಿನ ಇಂಕು ಅಳಿಸಕ್ಕಾಗುತ್ತಾ?"

"ನಮ್ ಪೇಪರ್ನಾಗೆ ಮಾರನೇ ದಿನ ಬಜ್ಜಿ ಕಟ್ತಾರಪ್ಪ" ಎಂದು ಎದ್ದು ಹೋದರು. ಮಾತಿಗೆ ಮಾತು ಸಿಗದೆ ಏನೋ ಅಂದರು ಎಂದುಕೊಂಡೆ. ಆ ಸಂಭಾಷಣೆಯನ್ನೂ ಬ್ಲಾಗಿಗೆ ಹಾಕಿ, ಕಾರ್ಬನ್ ಪಂಡಿತರು ಎಂದು ಅವರಿಗೊಂದು ಹೆಸರಿಟ್ಟೆ.

ಅದಾದ ಮುಂದಿನ ವರ್ಷ ಅನಸೂಯಳ ವಿಷಯ ನಡೆಯಿತು.

ಕುಂದುರ್ಪಿ ರಸ್ತೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಅಂಗನವಾಡಿ ಟೀಚರಮ್ಮ ನಕಲಿ ಅಂಕಪಟ್ಟಿ ಕೊಟ್ಟು ಕೆಲಸಕ್ಕೆ ಸೇರಿದ್ದಳೆಂದು ಗೊತ್ತಾಗಿ ಅವಳನ್ನು ತೆಗೆದುಹಾಕಿದರು. ಖಾಲಿಯಾದ ಆ ಕೆಲಸಕ್ಕೆ ಅದೇ ಊರಿನ ಅನಸೂಯ ಅರ್ಜಿ ಹಾಕಿದಳು. ಕೂಲಿ ಮಾಡುವವರ ಮನೆಯ ಹುಡುಗಿ, ಕುಂದುರ್ಪಿಗೆ ನಡೆದು ಹೋಗಿ ಹತ್ತನೇ ತರಗತಿ ಪಾಸು ಮಾಡಿದ್ದಳು. ಅವಳ ಅರ್ಜಿ ಹೊಡೆದುಕೊಟ್ಟವನು ನಾನೇ. ಅಪ್ಪನ ಜೊತೆ ಅಂಗಡಿಗೆ ಬಂದಿದ್ದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದರ ಮೇಲೆ ಇನ್ನೊಂದು ಕವರು ಹಾಕಿ ತಂದಿದ್ದಳು. ಅವಳ ಫೋಟೊ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡೆ.

ಇಲ್ಲಿ ನನ್ನ ಪದ್ಧತಿಯೊಂದನ್ನು ಹೇಳಬೇಕು. ಸ್ಕ್ಯಾನ್ ಮಾಡಿದ ಫೋಟೊಗಳನ್ನು ನಾನು ಜನರ ಹೆಸರಿನಲ್ಲಿ ಇಡುತ್ತಿರಲಿಲ್ಲ, ಊರಿನ ಹೆಸರಿನಲ್ಲಿ ಇಡುತ್ತಿದ್ದೆ. ನಮ್ಮ ಕಡೆ ಒಂದೊಂದು ಊರಿನಲ್ಲೂ ಅರ್ಧ ಜನರಿಗೆ ಅದೇ ಊರ ದೇವರ ಹೆಸರಿರುತ್ತದೆ, ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಊರಿನ ಹೆಸರು ಹಾಕಿ, ಮುಂದೆ ಒಂದು, ಎರಡು ಎಂದು ನಂಬರು ಕೊಡುತ್ತಿದ್ದೆ. ಅನಸೂಯಳದು ಒಂದನೇ ನಂಬರಾಯಿತು. ವಾರ ಕಳೆದ ಮೇಲೆ ವಿಲೇಕರಿ ಸಾರ್ ನಕಲಿ ಅಂಕಪಟ್ಟಿಯ ಸುದ್ದಿ ಬರೆದು ತಂದರು. ತೆಗೆದುಹಾಕಿದ ಟೀಚರಮ್ಮನ ಫೋಟೊ ಕೊಟ್ಟರು. ಅದು ಎರಡನೇ ನಂಬರಾಯಿತು.

ಮರುದಿನ ಐದೂ ಪತ್ರಿಕೆಯಲ್ಲಿ ನಕಲಿ ಅಂಕಪಟ್ಟಿಯ ಸುದ್ದಿ ಬಂತು. ಪತ್ರಿಕೆಗಳ ಇಂಟರ್ನೆಟ್ ಪುಟಗಳಲ್ಲೂ ಬಂತು. ಎಲ್ಲ ಕಡೆಯೂ ಅನಸೂಯಳ ಫೋಟೊ.

ಅವಳ ಅಪ್ಪ ಮೊದಲ ಬಸ್ಸಿಗೇ ಬಂದ. ಕೈಯಲ್ಲಿ ಪೇಪರು. ಅದನ್ನು ಕೌಂಟರಿನ ಮೇಲೆ ಬಿಡಿಸಿಟ್ಟ.

"ಸಾಮಿ, ನಮ್ ಹುಡ್ಗಿ ಏನ್ ಮಾಡವ್ಳೆ? ಮೂರು ದಿನಕ್ಕೆ ಇಂಟರ್‌ವ್ಯೂ ಐತೆ. ಊರಾಗೆ ಎಲ್ರೂ ಪೇಪರ್ ಇಟ್ಕಂಡು ಬಾಗ್ಲ ಮುಂದೆ ನಿಂತವ್ರೆ. ಅವ್ಳು ನೀರಿಗೂ ಆಚೆ ಬರ್ತಿಲ್ಲ."

ನನಗೆ ಎಂಥ ಸಿಟ್ಟು ಬಂತೆಂದರೆ ಅವನನ್ನು ಕೂರಿಸಲೂ ಇಲ್ಲ. ಅಲ್ಲಿಯೇ ಕೀಬೋರ್ಡ್ ಎಳೆದುಕೊಂಡು ಬರೆದೆ. "ನಕಲಿ ಟೀಚರ್: ಐದು ಪತ್ರಿಕೆ, ಒಂದು ಫೋಟೊ" ಎಂದು ತಲೆಬರಹ ಕೊಟ್ಟೆ. ಮೊದಲಿಗೆ ಪತ್ರಿಕೆಯ ಸುದ್ದಿಯನ್ನು ಹಾಗೆಯೇ ಎತ್ತಿಕೊಟ್ಟೆ. ಆಮೇಲೆ ಈ ಫೋಟೊ ಯಾರದು, ಈ ಐವರು ಒಂದೇ ಕಾರ್ಬನ್ ಹಾಳೆಯಲ್ಲಿ ಹೇಗೆ ಬದುಕುತ್ತಾರೆ, ಇಂಥವರ ಸುದ್ದಿ ಓದುವುದಕ್ಕಿಂತ ಕುರುಡಾಗಿರುವುದು ಮೇಲು ಎಂದೆಲ್ಲ ಜಾಡಿಸಿದೆ. ಪುರಾವೆ ಬೇಕಲ್ಲ, ಪತ್ರಿಕೆಯ ತುಣುಕನ್ನು ಸ್ಕ್ಯಾನ್ ಮಾಡಿ ಎಲ್ಲಕ್ಕಿಂತ ಮೇಲೆ ಹಾಕಿದೆ. ಅನಸೂಯಳ ಮುಖ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಾಗಿ ಹಾಕಿದೆ. ನನ್ನ ಬ್ಲಾಗಿನಲ್ಲಿ ಅಷ್ಟು ಓದಿಸಿಕೊಂಡ ಬರಹ ಇನ್ನೊಂದಿಲ್ಲ. ಕಾಮೆಂಟುಗಳು ಬರುತ್ತಲೇ ಇದ್ದವು. ಇದು ನಿಜವಾದ ಪತ್ರಿಕೋದ್ಯಮ ಎಂದು ಒಬ್ಬರು ಬರೆದರು.

ಸಂಜೆ ಬೇರೆ ಏನನ್ನೋ ಹುಡುಕುತ್ತ ಕಳಿಸಿದ ಮೇಲ್‌ಗಳನ್ನು ತೆರೆದೆ. ಹಿಂದಿನ ದಿನ ಐದೂ ಪತ್ರಿಕೆಗೆ ನಾನು ಲಗತ್ತಿಸಿದ್ದು ಒಂದನೇ ನಂಬರಿನ ಫೋಟೊ.

ಬ್ಲಾಗು ತೆರೆದೆ. ಕಾಮೆಂಟುಗಳು ಇನ್ನಷ್ಟು ಹೆಚ್ಚಾಗಿದ್ದವು. ಆ ಪುಟ ಮುಚ್ಚಿದೆ.

ಮರುದಿನ ವಿಲೇಕರಿ ಸಾರ್ ಬಂದರು. ಕೈಯಲ್ಲಿ ನನ್ನ ಬರಹದ ಪ್ರಿಂಟು, ಯಾರೋ ತೆಗೆದುಕೊಟ್ಟಿದ್ದರು. ಕೂಗಾಡುತ್ತಾರೆ ಎಂದು ಕಾದೆ. ಅವರು ಸ್ಟೂಲಿನ ಮೇಲೆ ಕೂತು ಪ್ರಿಂಟನ್ನು ನಾಲ್ಕಾಗಿ ಮಡಿಸಿದರು.

"ಫೋಟೊ ಹೆಂಗ್ ಬದ್ಲಾಯ್ತಪ್ಪ?"

"ನನಗೇನು ಗೊತ್ತು ಸಾರ್? ನೀವು ಕೊಟ್ಟಿದ್ದನ್ನೇ ಹಾಕಿದ್ದು."

ಅವರು ಸಫಾರಿಯ ಜೇಬಿಗೆ ಕೈ ಹಾಕಿ ಒಂದು ಪಾಸ್‌ಪೋರ್ಟ್ ಫೋಟೊ ತೆಗೆದು ಕೌಂಟರಿನ ಮೇಲಿಟ್ಟರು. ತೆಗೆದುಹಾಕಿದ ಟೀಚರಮ್ಮನದು. ಅವರು ನನಗೆ ಕೊಟ್ಟಿದ್ದು, ಸ್ಕ್ಯಾನ್ ಮಾಡಿ ನಾನೇ ವಾಪಸ್ಸು ಕೊಟ್ಟಿದ್ದು ಅದೇ. ಇಬ್ಬರೂ ಅದನ್ನು ನೋಡಿದೆವು. ಅವರು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಇರ್ಲಿ ಬುಡು. ಯಾರ್ ಹಾಕಿದ್ರೇನು, ಸುದ್ದಿ ನಂದು. ಬರ್ಕೋ, ತಿದ್ದುಪಡಿ. ಐದ್ ಪೇಪರ್‌ಗೂ ಕಳಿಸ್ಬೇಕು."

ನಾನು ಟೈಪ್ ಮಾಡಿದೆ. ಎರಡೇ ಸಾಲು. ತಪ್ಪಾಗಿ ಅನಸೂಯ ಎಂಬುವರ ಭಾವಚಿತ್ರ ಪ್ರಕಟವಾಗಿದೆ, ಅವರಿಗೂ ಪ್ರಕರಣಕ್ಕೂ ಸಂಬಂಧವಿಲ್ಲ, ವಿಷಾದಿಸುತ್ತೇವೆ. ಹೇಳಿಬರೆಸುವಾಗಲೂ ಅವರು ಚೀಲದಿಂದ ಕಾರ್ಬನ್ ತೆಗೆದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಉಳಿದ ನಾಲ್ವರಿಗೂ ಗೊತ್ತಾಗಬೇಕಲ್ಲ. ಐದೂ ಪತ್ರಿಕೆಯಲ್ಲಿ ಒಂದೇ ದಿನ, ಒಂದೇ ಮಾತಿನಲ್ಲಿ ತಿದ್ದುಪಡಿ ಬಂತು, ಅವುಗಳ ಇಂಟರ್ನೆಟ್ ಪುಟಗಳಿಂದ ಫೋಟೊವೂ ಹೋಯಿತು. ಐದನ್ನೂ ಹಿಡಿದುಕೊಂಡು ಅವರು ಕುಂದುರ್ಪಿ ಬಸ್ಸು ಹತ್ತಿ ಆ ಊರಿಗೆ ಹೋದರಂತೆ. ಅಂಗನವಾಡಿಯ ಮುಂದೆ ಜನರನ್ನು ಸೇರಿಸಿ, ಒಂದೊಂದೇ ಪತ್ರಿಕೆ ಬಿಡಿಸಿ, ಅದೇ ಎರಡು ಸಾಲನ್ನು ಐದು ಸಲ ಓದಿದರಂತೆ. ಇಂಟರ್‌ವ್ಯೂ ದಿನ ಆಫೀಸಿನ ಮೆಟ್ಟಿಲ ಮೇಲೆ ಅದೇ ಪತ್ರಿಕೆಗಳ ಕಟ್ಟು ಇಟ್ಟುಕೊಂಡು ಕೂತಿದ್ದರಂತೆ. ಅನಸೂಯಳಿಗೆ ಕೆಲಸ ಸಿಕ್ಕಿತು.

ಇದೆಲ್ಲ ಕೇಳಿದಾಗ ನನಗೆ ಅನ್ನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮಾಡುವ ನಾಟಕವೆಲ್ಲ ಮಾಡಿ ಈಗ ಇನ್ನೊಂದು ನಾಟಕ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಬ್ಲಾಗಿನಲ್ಲಿ ಒಂದಕ್ಷರ ಬದಲಿಸಲಿಲ್ಲ. ಒಂದು ನಿಮಿಷದಲ್ಲಿ ಅಳಿಸಬಹುದು ಎಂದಿದ್ದೆನಲ್ಲ, ಆ ಒಂದು ನಿಮಿಷ ನನಗೆ ಸಿಗಲಿಲ್ಲ.

ಆಮೇಲೆ ಕಲ್ಯಾಣದುರ್ಗದ ಅಂಗಡಿ ಮುಚ್ಚಿ ಹಿಂದೂಪುರಕ್ಕೆ ಬಂದೆ. ಬ್ಲಾಗು ಬರೆಯುವ ಹುಮ್ಮಸ್ಸೂ ಮೆಲ್ಲಗೆ ಇಳಿಯಿತು. ಕೆಲವು ತಿಂಗಳಾದ ಮೇಲೆ ಅವರೂ ಮಗಳ ಮನೆಗೆಂದು ಹಿಂದೂಪುರಕ್ಕೇ ಬಂದರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಮೊಪೆಡ್ ಮಾರಿದ್ದರು. ಸಫಾರಿ ಅದೇ. ನನ್ನ ಹೊಸ ಅಂಗಡಿಯನ್ನು ಹುಡುಕಿಕೊಂಡು ಎರಡು ಸಲ ಬಂದರು. ಎರಡು ಸಲವೂ ಕೇಳಿದ್ದು ಒಂದೇ.

"ಆ ಹುಡ್ಗಿ ಫೋಟೊ ತೆಗ್ದುಬುಡಪ್ಪ. ಇನ್ನೂ ಐತೆ ಅಲ್ಲಿ."

"ಅದು ದಾಖಲೆ ಸಾರ್. ನಿಮ್ಮ ತಪ್ಪು ಇತಿಹಾಸದಲ್ಲಿ ಇರಬೇಕಲ್ಲ" ಎಂದೆ ಮೊದಲನೇ ಸಲ. ಹಾಗಂದದ್ದು ನಾನು. ಒಂದನೇ ನಂಬರು ಲಗತ್ತಿಸಿದವನು.

ಎರಡನೇ ಸಲ ಬಂದಾಗ ಅವರಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಕೆಳಗೆ ನಿಂತೇ ಕೂಗಿದರು. "ನಂದೆಲ್ಲ ಇಕ್ಕೋ, ಕಾರ್ಬನ್ ಪಂಡಿತ ಅಂತ ಬರ್ದಿದ್ಯಲ್ಲ ಅದೂ ಇಕ್ಕೋ. ಆ ಫೋಟೊ ಒಂದ್ ತೆಗಿ. ನಾಳೆ ಬತ್ತೀನಿ, ನೋಡ್ತೀನಿ." ಆಗಲಿ ಸಾರ್ ಎಂದೆ. ತನ್ನ ಮಾನಕ್ಕೆ ಅಂಜಿ ಹುಡುಗಿಯನ್ನು ಮುಂದೆ ಮಾಡುತ್ತಿದ್ದಾರೆ, ಮುದುಕನಿಗೆ ಇನ್ನೂ ಬುದ್ಧಿ ಬಂದಿಲ್ಲ ಎಂದುಕೊಂಡೆ. ಅವರು ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅವರು ತೀರಿಕೊಂಡ ಹನ್ನೊಂದನೇ ದಿನದ ಊಟಕ್ಕೆ ಮಗಳು ಕರೆದಿದ್ದಳು, ಹೋದೆ. ಐದು ಪತ್ರಿಕೆಯವರು ಇಬ್ಬರು ಗಂಡುಮಕ್ಕಳನ್ನು ಹುಟ್ಟಿಸಿದ್ದರೂ ಎಲೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಆ ಒಬ್ಬಳೇ ಮಾಡುತ್ತಿದ್ದಳು. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವನು ಅನಸೂಯಳ ಅಪ್ಪ. ಅಷ್ಟು ದೂರದಿಂದ ಮೂರು ಬಸ್ಸು ಬದಲಿಸಿ ಬಂದಿದ್ದ. ನನ್ನ ಗುರುತು ಹಿಡಿದ.

"ಕಲ್ಯಾಣದುರ್ಗದಾಗೆ ಅಂಗಡಿ ಇಟ್ಟಿದ್ರಲ್ಲ ಸಾಮಿ ನೀವು? ಮಗಳ ಅರ್ಜಿ ಹೊಡ್ಕೊಟ್ಟಿದ್ರಿ."

ಚೆನ್ನಾಗಿದ್ದಾಳಾ ಎಂದು ಕೇಳಿದೆ. ಅವನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ.

"ಕೆಲ್ಸ ಐತೆ, ಮಕ್ಳು ಅಂದ್ರೆ ಪ್ರಾಣ ಬುಡ್ತಾಳೆ. ಚಿಲಮತ್ತೂರ ಕಡೆ ಒಂದು ಸಂಬಂಧ ಗೊತ್ತಾಗಿತ್ತು ಸಾಮಿ. ಒಪ್ಕಂಡಿದ್ರು. ಹುಡ್ಗನ ತಮ್ಮ ಕಾಲೇಜು ಓದ್ತಾನೆ, ಇಂಟರ್ನೆಟ್ನಾಗೆ ನಮ್ಮೂರ ಹೆಸ್ರು ಒತ್ತಿದ್ನಂತೆ. ಇವ್ಳ ಮುಖ ಬಂದ್ಬುಡ್ತಂತೆ, ನಕಲಿ ಟೀಚರ್ ಅಂತ. ನಾವು ಪೇಪರ್ ತಕಂಡ್ ಹೋದ್ವಿ. ತಪ್ಪಾಯ್ತು ಅಂತ ಬರ್ದವ್ರೆ ನೋಡಿ ಅಂತ ಐದೂ ತೋರ್ಸಿದ್ವಿ. 'ಪೇಪರ್ ಹಳೇದು ಕಣಯ್ಯ, ಇದು ಈಗ್ಲೂ ಐತಲ್ಲ' ಅಂದ್ಬುಟ್ರು."

ನಾನು ನೀರಿನ ಲೋಟ ಎತ್ತಿಕೊಂಡೆ.

"ವಿಲೇಕರಿ ಸಾರು ತೆಗೆಸ್ತೀನಿ ಅಂದಿದ್ರು. ಎರಡು ಸಲ ಹೋಗಿ ಕೇಳವ್ರಂತೆ. ಅದ್ಯಾರೋ ಗಡಿಗಲ್ಲು ಅನ್ನೋನು ಬರ್ದಿರೋದಂತೆ. ಯಾರು ಹೇಳಿ ಸಾರ್, ಕಾಲಾದ್ರೂ ಹಿಡ್ಕತೀನಿ ಅಂತ ಕೇಳ್ದೆ. 'ನನ್ ಕೆಲ್ಸ ಅದು, ನಿಂಗ್ಯಾಕೆ' ಅಂದ್ರು. ಕಡೇಗೂ ಹೇಳ್ಲಿಲ್ಲ. ಇನ್ ಯಾರನ್ನ ಕೇಳಾದು? ನಿಮಗೇನಾರ ಗೊತ್ತಾ ಸಾಮಿ?"

ವಿಚಾರಿಸ್ತೀನಿ ಎಂದೆ. ಪಾಯಸ ಬರುವ ಮೊದಲೇ ಎದ್ದುಬಂದೆ.

ಇಷ್ಟಾದರೂ ಅವರು ಒಳ್ಳೆಯ ವರದಿಗಾರರಾಗಿದ್ದರು ಎಂದು ನಾನು ಹೇಳಲಾರೆ. ಬಾರದ ಅತಿಥಿಯ ಬಾಯಲ್ಲಿ ಭಾಷಣ ಮಾಡಿಸಿದವರು, ಐದು ಪತ್ರಿಕೆಗೆ ಒಂದೇ ಸೌಟಿನಲ್ಲಿ ಬಡಿಸಿದವರು. ಅವರ ಬಗ್ಗೆ ನನಗಿದ್ದ ತಾತ್ಸಾರ ಪೂರ್ತಿ ಹೋಗಿಲ್ಲ. ಆದರೆ ಅವರ ಮನೆಯಿಂದ ಅಂಗಡಿಗೆ ನಡೆದುಬರುವ ದಾರಿಯಲ್ಲಿ ನನ್ನ ಬಗ್ಗೆ ನನಗೆ ಹುಟ್ಟಿದ ಹೇಸಿಗೆಯ ಮುಂದೆ ಅದು ಏನೂ ಅಲ್ಲ.

ಬ್ಲಾಗು ತೆರೆದು ಆ ಬರಹವನ್ನು ಅಳಿಸಿದೆ. ಅಷ್ಟಕ್ಕೆ ಸಮಾಧಾನವಾಗದೆ ಇಡೀ ಬ್ಲಾಗನ್ನೇ ಅಳಿಸಿಹಾಕಿದೆ. ನಿಜಕ್ಕೂ ಒಂದು ನಿಮಿಷ ಹಿಡಿಯಲಿಲ್ಲ. ಆಮೇಲೆ, ಹುಡುಗನ ತಮ್ಮ ಮಾಡಿದಂತೆ, ಆ ಊರಿನ ಹೆಸರು ಹೊಡೆದು ಹುಡುಕಿದೆ. ಅನಸೂಯ ಬಂದಳು. ಅದೇ ಫೋಟೊ, ಅದೇ ತಲೆಬರಹ. ನಾನು ಕಂಡು ಕೇಳರಿಯದ ಯಾರದೋ ಬ್ಲಾಗು. ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ನನ್ನ ಬರಹವನ್ನು ಯಾವತ್ತೋ ಎತ್ತಿ ಹಾಕಿಕೊಂಡಿದ್ದಾರೆ. ಮೇಲಿನ ತುಣುಕು, ಪತ್ರಿಕೆಯ ಸುದ್ದಿಯ ನಾಲ್ಕು ಸಾಲು, ಅಷ್ಟೇ. ಈ ಹುಡುಗಿ ಅವಳಲ್ಲ ಎಂದು ನಾನು ಬರೆದಿದ್ದ ಭಾಗ ಉದ್ದವಾಯಿತೆಂದೋ ಏನೋ ಬಿಟ್ಟುಬಿಟ್ಟಿದ್ದಾರೆ. ಎಣಿಸಿದೆ. ಐದು ಬ್ಲಾಗುಗಳಿದ್ದವು.

ಐದೂ ಬ್ಲಾಗಿನವರಿಗೆ ಒಂದೇ ಒಕ್ಕಣೆಯ ಮೇಲ್ ಬರೆದೆ. ಈ ಫೋಟೊದಲ್ಲಿರುವವಳು ತಪ್ಪು ಮಾಡಿದವಳಲ್ಲ, ತಪ್ಪು ಫೋಟೊ ಕಳಿಸಿದವನು ನಾನು, ಇದನ್ನು ಬರೆದ ಗಡಿಗಲ್ಲು ಎಂಬವನೂ ನಾನೇ, ದಯವಿಟ್ಟು ತೆಗೆದುಹಾಕಿ ಎಂದು ಕೇಳಿಕೊಂಡೆ. ಕೆಳಗೆ ಮೊದಲ ಸಲ ನನ್ನ ನಿಜವಾದ ಹೆಸರು ಹಾಕಿದೆ. ನಾಲ್ವರಿಂದ ಇವತ್ತಿನವರೆಗೂ ಉತ್ತರವಿಲ್ಲ. ಐದನೆಯವರು ಮಾತ್ರ ಮರುದಿನವೇ ಬರೆದರು.

"ಗಡಿಗಲ್ಲು ಅವರೇ ಹೇಳಿದರೆ ಖಂಡಿತ ತೆಗೆಯುತ್ತೇವೆ. ನೀವು ಯಾರು?"